20 ಲಕ್ಷ ಕಾಲಾಳು, ಒಬ್ಬನ ಹೆಸರೂ ಇಲ್ಲ

ಉಡುಪಿ ಊಟದ ಮಾತು ಬಂದಾಗಲೆಲ್ಲ ಯಾರಾದರೂ ಈ ಕಥೆ ತೆಗೆಯುತ್ತಾರೆ. ಕುರುಕ್ಷೇತ್ರಕ್ಕೆ ದೇಶದ ರಾಜರೆಲ್ಲ ಹೊರಟರು. ಉಡುಪಿಯ ರಾಜನಿಗೆ ಮಾತ್ರ ಯಾವ ಪಕ್ಷವೂ ಬೇಡ. ಎರಡೂ ಕಡೆಯವರಿಗೆ ಅಡುಗೆ ಮಾಡಿ ಬಡಿಸುತ್ತೇನೆ ಎಂದ. 18 ದಿನ ಊಟ ಕಡಿಮೆ ಬೀಳಲಿಲ್ಲ, ಮಿಕ್ಕಿ ಚೆಲ್ಲಲೂ ಇಲ್ಲ. ದಿನಾ ಸಾವಿರಗಟ್ಟಲೆ ಜನ ಸಾಯುವಾಗ ಲೆಕ್ಕ ಸಿಕ್ಕಿದ್ದು ಹೇಗೆ? ರಾತ್ರಿ ಕೃಷ್ಣ ಕಡಲೆಕಾಯಿ ತಿನ್ನುತ್ತಿದ್ದನಂತೆ. ಹತ್ತು ತಿಂದರೆ ಮರುದಿನ ಹತ್ತು ಸಾವಿರ ಜನ ಇಲ್ಲ ಎಂದು ಅರ್ಥ. ಅಷ್ಟು ಅಕ್ಕಿ ಕಡಿಮೆ ಹಾಕಿದರಾಯಿತು.

ವ್ಯಾಸಭಾರತದಲ್ಲಿ ಈ ಕಥೆ ಇಲ್ಲ. ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ, ಪೋರ್ಚುಗೀಸರ ಕಾಲದ ನಂತರ ನಮ್ಮ ಕಡೆ ಬಂದದ್ದು. ಹಾಗಾಗಿ ಕಥೆಗೆ ಅಂಥ ವಯಸ್ಸೇನೂ ಆಗಿಲ್ಲ. ಆದರೆ ಹೇಳಿದವರು ಯಾರೇ ಇರಲಿ, ಅವರ ಕಣ್ಣು ಬಿದ್ದದ್ದು ರಥದ ಮೇಲಿದ್ದವರ ಮೇಲಲ್ಲ, ಪಂಕ್ತಿಯಲ್ಲಿ ಕೂತವರ ಮೇಲೆ. ಭಾರತದ ಲೆಕ್ಕದಲ್ಲಿ ಒಂದು ಅಕ್ಷೌಹಿಣಿಗೆ 1,09,350 ಕಾಲಾಳು. 18 ಅಕ್ಷೌಹಿಣಿಗೆ 19,68,300. ಸುಮಾರು 20 ಲಕ್ಷ. ಇಷ್ಟು ಜನರಲ್ಲಿ ಒಬ್ಬನ ಹೆಸರಾದರೂ ನಮಗೆ ಗೊತ್ತಾ? ಯಕ್ಷಗಾನ ಮೇಳದ ಆಟ ರಾತ್ರಿಯಿಡೀ ನೋಡಿ, ಕರ್ಣನ ಪಾತ್ರದ ಮಾತುಗಾರಿಕೆ ಗಂಟೆಗಟ್ಟಲೆ ಕೇಳಿ ಬೆಳೆದ ನಮಗೂ ಗೊತ್ತಿಲ್ಲ. ಯುದ್ಧದ ಕಥೆಯಲ್ಲಿ ಈ ಕಾಲಾಳಿಗೆ ಬಾಯಿ ಬಂದದ್ದು ಯಾವಾಗ? ಬಹಳ ತಡವಾಗಿ. ನಮ್ಮ ಕರಾವಳಿಯ ಕನ್ನಡದಲ್ಲಂತೂ ಅದು ಇನ್ನೂ ಪೂರ್ತಿ ಬಂದಿಲ್ಲ ಎಂದೇ ನನ್ನ ಲೆಕ್ಕ.

ಕಲ್ಲಿನಿಂದ ಶುರು ಮಾಡೋಣ. ಬಾರ್ಕೂರಿನ ಕಡೆ ಹೋದರೆ ವೀರಗಲ್ಲು ಕಾಣಬಹುದು, ಘಟ್ಟ ಹತ್ತಿದರೆ ಇನ್ನೂ ಜಾಸ್ತಿ. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾದಾಟ. ನಡುವೆ ಸತ್ತವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು. ಮೇಲೆ ಲಿಂಗದ ಮುಂದೆ ಅವನು ಕೈಮುಗಿದು ಕೂತಿರುವುದು. ಹೆದರಿಕೆಗೆ, ನೋವಿಗೆ, ಮನೆಯವರಿಗೆ ಅಲ್ಲಿ ಅಂತಸ್ತು ಇಲ್ಲ. ಆದರೂ ಕಲ್ಲು ಕಟುಕನಲ್ಲ. ಎಷ್ಟೋ ಕಲ್ಲುಗಳಲ್ಲಿ ಸತ್ತವನ ಹೆಸರಿದೆ. ಅವನ ಮನೆಯವರಿಗೆ ಬಿಟ್ಟುಕೊಟ್ಟ ಗದ್ದೆಯ ವಿವರವೂ ಇದೆ, ನೆತ್ತರುಗೊಡಗೆ ಎಂದು. ಉಂಡ ಅನ್ನದ ಋಣಕ್ಕೆ ಜೀವ, ಹೋದ ಜೀವಕ್ಕೆ ಗದ್ದೆ. ವ್ಯವಹಾರ ಚೊಕ್ಕ.

ಕಾವ್ಯಕ್ಕೆ ಬಂದರೆ ಹೆಸರು ದೊಡ್ಡವರಿಗೆ ಮಾತ್ರ. ಪಂಪ ತಾನೇ ಕತ್ತಿ ಹಿಡಿದವನು, 941ರ ಹೊತ್ತಿಗೆ ಭಾರತ ಬರೆದವನು. ಆದರೂ ಅವನ ಕಣ್ಣು ಕರ್ಣನ ಮೇಲೆ. ಅದೇ ಶತಮಾನದ ಕೊನೆಯ ಹೊತ್ತಿಗೆ ರನ್ನ ಬಂದ. ಅವನ ಗದಾಯುದ್ಧದಲ್ಲಿ ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣನ ಮುಂದೆ ನಿಲ್ಲುತ್ತಾನೆ, ದುಶ್ಶಾಸನನ ಮುಂದೆ ನಿಲ್ಲುತ್ತಾನೆ, ಕರ್ಣನ ಮುಂದೆ ಕುಸಿಯುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಮುಂದೂ ನಿಂತು, ನಿನ್ನಂಥ ಸಾವಿನಲ್ಲಿ ಒಂದು ಪಾಲಾದರೂ ನನಗಿರಲಿ ಎನ್ನುತ್ತಾನೆ. ಯುದ್ಧ ಮುಗಿಯುವ ಹೊತ್ತಿನ ಸೋಲನ್ನು ಕನ್ನಡದಲ್ಲಿ ಇಷ್ಟು ಹತ್ತಿರದಿಂದ ತೋರಿಸಿದ್ದು ಇನ್ನೊಂದಿಲ್ಲ. ಅದರಲ್ಲೂ ಕಾಲಾಳು ಏನು? ದುರ್ಯೋಧನನ ಕಾಲಿಗೆ ತೊಡರುವ ರಾಶಿ, ಅಷ್ಟೇ.

ಹಳೆಯ ಕನ್ನಡ ಕಾವ್ಯದಲ್ಲಿ ನಿಜವಾದ ಸೈನಿಕ ಯಾರು ಎಂದು ಕೇಳಿದರೆ ನಾನು ಉತ್ತರಕುಮಾರನ ಹೆಸರು ಹೇಳುತ್ತೇನೆ. ನಗಬೇಡಿ. ಅವನು ರಾಜಕುಮಾರ, ಸರಿ. ಹೆಂಗಸರ ಮುಂದೆ ಜಂಬ ಕೊಚ್ಚಿದ್ದೂ ಹೌದು. ಆದರೆ ಮೊದಲ ಸಲ ಎದುರಿಗೆ ಸೈನ್ಯ ಕಂಡ ಹುಡುಗನಿಗೆ ಏನಾಗುತ್ತದೋ ಅದೇ ಅವನಿಗೂ ಆಯಿತು. ಕುಮಾರವ್ಯಾಸನಲ್ಲಿ ಅವನು ಹೇಳುವ ಮಾತು ಗಮಕಿಗಳ ಬಾಯಲ್ಲಿ ಇವತ್ತಿಗೂ ಇದೆ: "ಹಸಿದ ಮಾರಿಯ ಮಂದೆಯಲಿ ಕುರಿ ನುಸುಳಿದಂತಾದೆನು ಬೃಹನ್ನಳೆ." ಆಮೇಲೆ ಕುದುರೆ ತಡೆ, ಚಾವಟಿ ಬಿಸಾಡು, ರಥ ತಿರುಗಿಸು ಎಂದು ಅಂಗಲಾಚುತ್ತಾನೆ. ಕೊನೆಗೆ ರಥದಿಂದ ಹಾರಿ ಓಡುತ್ತಾನೆ. ಬೃಹನ್ನಳೆ ಅಟ್ಟಿಸಿಕೊಂಡು ಹೋಗಿ ಎಳೆದು ತರುತ್ತಾಳೆ.

ಯಕ್ಷಗಾನದಲ್ಲಿ ಇದು ಹಾಸ್ಯದ ಹೊತ್ತು. ಉತ್ತರ ರಂಗಕ್ಕೆ ಬಂದರೆ ಸಭೆಯಲ್ಲಿ ಆಗಲೇ ನಗು. "ಉತ್ತರನ ಪೌರುಷ ಒಲೆಯ ಮುಂದೆ" ಎಂಬ ಗಾದೆಯೂ ಇದೆ. ಯುದ್ಧದ ಬಗ್ಗೆ ನಿಜ ಹೇಳಿದ ಒಬ್ಬನನ್ನು ಹಿಡಿದು ನಾವು ನಗೆಪಾಟಲು ಮಾಡಿದೆವು. ಹೆದರಿಕೆ ತೋರಿಸಬೇಕಾದರೆ ಅದಕ್ಕೆ ಹಾಸ್ಯದ ಬಣ್ಣ ಬಳಿಯಲೇಬೇಕಿತ್ತು ಅನಿಸುತ್ತದೆ, ಇಲ್ಲದಿದ್ದರೆ ಮುಂದೆ ಕೂತವರು ಒಪ್ಪುತ್ತಿರಲಿಲ್ಲ.

ತುಳುವಿನಲ್ಲಿ ಬೇರೆಯೇ ದಾರಿ. ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವಾಗ ಹೆಂಗಸರು ಹಾಡಿದ ಪಾಡ್ದನ ಎಂಬ ಕಥೆಹಾಡುಗಳಲ್ಲಿ ಕೋಟಿ ಚೆನ್ನಯ ಎಂಬ ವೀರ ಸೋದರರ ಕಥೆ ಅವರ ತಾಯಿ ದೇಯಿಯಿಂದ ಶುರುವಾಗುತ್ತದೆ. ಗದ್ದೆಯ ತಕರಾರು, ಅವಮಾನ, ಊರು ಬಿಡುವುದು, ಎಣ್ಮೂರಿನಲ್ಲಿ ಆಸರೆ, ಪಂಜದವರ ಜೊತೆ ಕಾಳಗ. ಕೋಟಿಗೆ ಬಾಣ ತಾಗಿದಾಗ ಚೆನ್ನಯ ಕಲ್ಲಿಗೆ ತಲೆ ಜಪ್ಪಿಕೊಂಡು ಜೀವ ಬಿಡುತ್ತಾನೆ. ಅಣ್ಣನಿಲ್ಲದೆ ಅವನಿಗೆ ಬದುಕು ಬೇಡ. ಸತ್ತವರು ಗರಡಿಯಲ್ಲಿ, ಅಂದರೆ ಅವರ ಗುಡಿಯಲ್ಲಿ, ದೈವವಾದರು. ಮಂಗಳೂರಿನ ಕಂಕನಾಡಿಯಿಂದ ಹಿಡಿದು ಊರೂರಲ್ಲಿ ಗರಡಿಗಳಿವೆ. ನೇಮದ, ಅಂದರೆ ದೈವದ ಉತ್ಸವದ, ದಿನ ಸತ್ತ ವೀರನೇ ಎದ್ದು ಬಂದು ಮಾತಾಡುತ್ತಾನೆ, ಊರವರ ಅಹವಾಲು ಕೇಳುತ್ತಾನೆ. ಕಲ್ಲಿನಲ್ಲಿ, ಕಾವ್ಯದಲ್ಲಿ ಸಿಗದ ಬಾಯಿ ಇಲ್ಲಿ ಸಿಕ್ಕಿತು. ಆದರೆ ಅದು ಸತ್ತು ದೈವವಾದ ಮೇಲಿನ ಮಾತು. ಬದುಕಿ ಮನೆಗೆ ಬಂದವನ ಮಾತಲ್ಲ.

ಅಲ್ಲಿಂದ ಮುಂದೆ ಬಹಳ ಕಾಲ ಹೊಸದೇನೂ ಇಲ್ಲ. ನಂದಳಿಕೆಯ ಮುದ್ದಣ ಉಡುಪಿಯ ಶಾಲೆಯಲ್ಲಿ ಮಕ್ಕಳಿಗೆ ಡ್ರಿಲ್ ಮಾಡಿಸುತ್ತಿದ್ದವನು. ಅವನ ರಾಮಾಶ್ವಮೇಧದಲ್ಲಿ ಯುದ್ಧ ಬೇಕಷ್ಟಿದೆ. ನಮಗೆ ನೆನಪಿರುವುದು ಮಾತ್ರ ಮುದ್ದಣ ಮನೋರಮೆಯರ ಸರಸದ ಮಾತು. ಇನ್ನೊಂದು ತಮಾಷೆ ನೋಡಿ. 19ನೇ ಶತಮಾನದಲ್ಲಿ ಖಾಕಿ ಬಟ್ಟೆಗೆ ಹೆಸರಾದದ್ದು ಮಂಗಳೂರಿನಲ್ಲಿದ್ದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ನೇಯ್ಗೆ ಕಾರ್ಖಾನೆ. ಮೊದಲ ಮಹಾಯುದ್ಧ ಬಂದಾಗ ಮಿಷನ್ನಿನ ಜರ್ಮನ್ನರನ್ನು ಶತ್ರುಗಳೆಂದು ಬಂಧಿಸಿದರು, ಕಾರ್ಖಾನೆಗಳು ಸರ್ಕಾರದ ಕೈಗೆ ಹೋದವು. ಖಾಕಿಗೆ ಹೆಸರಾದ ಊರು ಇದು. ಖಾಕಿಯೊಳಗಿನ ಮನುಷ್ಯ ಮಾತ್ರ ಊರಿನ ಪುಸ್ತಕಗಳಲ್ಲಿ ಇಲ್ಲ.

ಅದೇ ಯುದ್ಧದಲ್ಲಿ ಯುರೋಪಿನಲ್ಲಿ ದೊಡ್ಡ ಬದಲಾವಣೆ ಆಯಿತು. ಓದು ಬರಹ ಬಲ್ಲ ಹುಡುಗರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಕಂದಕಕ್ಕೆ ಇಳಿದರು. ಇಷ್ಟು ದಿನ ಆಸ್ಥಾನದಲ್ಲಿ ಕೂತು ಬರೆಯುತ್ತಿದ್ದ ಯುದ್ಧವನ್ನು ಈಗ ಕೆಸರಿನಲ್ಲಿ ಕೂತವರು ಬರೆದರು. ವಿಲ್ಫ್ರೆಡ್ ಓವೆನ್ ಅವರಲ್ಲಿ ಒಬ್ಬ. ಮೂಟೆ ಹೊತ್ತ ಮುದಿ ಭಿಕ್ಷುಕರಂತೆ ಬಾಗಿ, ಕೆಮ್ಮುತ್ತ, ನಿದ್ದೆಗಣ್ಣಲ್ಲಿ ನಡೆಯುವ ಸೈನಿಕರನ್ನು ಅವನು ತೋರಿಸಿದ. ವಿಷಾನಿಲದಲ್ಲಿ ಒಬ್ಬ ಮುಖವಾಡ ಹಾಕಲು ತಡ ಮಾಡಿ ಸಾಯುವುದನ್ನು ತೋರಿಸಿದ. ದೇಶಕ್ಕಾಗಿ ಸಾಯುವುದು ಸಿಹಿ ಎಂಬ ಲ್ಯಾಟಿನ್ ಮಾತನ್ನು ಹಳೆಯ ಸುಳ್ಳು ಎಂದ. 1918ರ ನವೆಂಬರ್ 4ರಂದು, 25ನೇ ವಯಸ್ಸಿನಲ್ಲಿ ಸತ್ತ. ಯುದ್ಧ ನಿಂತದ್ದು 11ರಂದು. ಊರಿನಲ್ಲಿ ಶಾಂತಿಯ ಗಂಟೆ ಬಾರಿಸುವ ದಿನವೇ ತಾಯಿಗೆ ತಂತಿ ಬಂತು. 1920ರಲ್ಲಿ ಆ ತಾಯಿ ರವೀಂದ್ರನಾಥ ಟಾಗೋರರಿಗೆ ಕಾಗದ ಬರೆದರು. ಮಗ ಕೊನೆಯ ಸಲ ಹೊರಡುವಾಗ ಹೇಳಿದ್ದು ನಿಮ್ಮ ಗೀತಾಂಜಲಿಯ ಸಾಲು, ಅವನ ಕಿಸೆಯ ಪುಸ್ತಕದಲ್ಲೂ ಅದೇ ಇತ್ತು ಎಂದು.

ಜರ್ಮನಿಯ ರೆಮಾರ್ಕ್ 1929ರಲ್ಲಿ 'ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್' ಎಂದು ಇಂಗ್ಲಿಷಿನಲ್ಲಿ ಹೆಸರಾದ ಕಾದಂಬರಿ ತಂದ. ಅದರ ಒಂದು ಜಾಗವನ್ನು ಹೇಳಲೇಬೇಕು. ಬಾಂಬು ಬಿದ್ದ ಗುಂಡಿಯೊಳಗೆ ಅಡಗಿದ ಹುಡುಗನ ಮೇಲೆ ಒಬ್ಬ ಫ್ರೆಂಚ್ ಸೈನಿಕ ಬಂದು ಬೀಳುತ್ತಾನೆ. ಹುಡುಗ ಹೆದರಿಕೆಗೆ ಚೂರಿ ಹಾಕುತ್ತಾನೆ. ಅವನು ಕೂಡಲೇ ಸಾಯುವುದಿಲ್ಲ, ಗಂಟೆಗಟ್ಟಲೆ ನರಳುತ್ತಾನೆ. ಇವನು ಹೊರಗೆ ಹೋಗುವ ಹಾಗಿಲ್ಲ. ನೀರು ಕುಡಿಸುತ್ತಾನೆ, ಗಾಯ ಕಟ್ಟುತ್ತಾನೆ. ಸತ್ತ ಮೇಲೆ ಅವನ ಪರ್ಸ್ ತೆಗೆದು ನೋಡುತ್ತಾನೆ. ಹೆಂಡತಿ, ಮಗುವಿನ ಫೋಟೊ. ಹೆಸರು ಜೆರಾರ್ ಡುವಾಲ್. ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವವನು. ರನ್ನನ ದುರ್ಯೋಧನನಿಗೆ ಅಭಿಮನ್ಯು ಯಾರೆಂದು ಮೊದಲೇ ಗೊತ್ತಿತ್ತು. ಇಲ್ಲಿ ಕೊಂದವನು ಸತ್ತವನ ಹೆಸರು ಹುಡುಕಬೇಕಾಯಿತು. ನಾಜಿಗಳು 1933ರಲ್ಲಿ ಈ ಪುಸ್ತಕ ಸುಟ್ಟದ್ದು ಸುಮ್ನೆ ಅಲ್ಲ.

ಆ ಯುದ್ಧದಲ್ಲಿ ಭಾರತದಿಂದ 13 ಲಕ್ಷಕ್ಕೂ ಹೆಚ್ಚು ಜನ ಕೆಲಸ ಮಾಡಿದರು. ಹೆಚ್ಚಿನ ಸಿಪಾಯಿಗಳಿಗೆ ಬರೆಯಲು ಬರುತ್ತಿರಲಿಲ್ಲ. ಬಲ್ಲವರ ಹತ್ತಿರ ಹೇಳಿ ಬರೆಸುತ್ತಿದ್ದರು. ಫ್ರಾನ್ಸಿನಿಂದ ಊರಿಗೆ ಹೋಗುವ ಕಾಗದಗಳನ್ನು ಸೆನ್ಸಾರ್ ಅಧಿಕಾರಿಗಳು ಒಡೆದು ಓದಿ, ಇಂಗ್ಲಿಷಿಗೆ ತರ್ಜುಮೆ ಮಾಡಿಸಿ ಇಟ್ಟರು. ಆ ತರ್ಜುಮೆಗಳೇ ಇವತ್ತು ಲಂಡನ್ನಿನಲ್ಲಿ ಉಳಿದಿರುವುದು. ಒಬ್ಬ ಸಿಪಾಯಿ ಕರಿಮೆಣಸು ಮುಗಿಯಿತು, ಈಗ ಕೆಂಪು ಮೆಣಸು ಹಾಕುತ್ತಿದ್ದಾರೆ ಎಂದು ಬರೆಸುತ್ತಾನೆ. ಅಂದರೆ ನಮ್ಮವರು ಸತ್ತು ಮುಗಿದರು, ಈಗ ಬಿಳಿಯರ ಸರದಿ. 1915ರ ಜನವರಿಯಲ್ಲಿ ಗಾಯಗೊಂಡು ಮಲಗಿದ ಇನ್ನೊಬ್ಬ, ಇದು ಯುದ್ಧವಲ್ಲ, ಲೋಕದ ಕೊನೆ, ಮಹಾಭಾರತದಲ್ಲಿ ಹೇಳಿದಂಥದ್ದೇ ಇದು ಎನ್ನುತ್ತಾನೆ. ನನಗೆ ಇವನು ಬಹಳ ಮುಖ್ಯ. ಮಹಾಭಾರತವನ್ನು ಕಾಲಾಳಿನ ಜಾಗದಿಂದ ನೋಡಿದವನು.

ಕನ್ನಡದಲ್ಲೂ ಆ ಹೊತ್ತಿಗೆ ಕಣ್ಣು ತಿರುಗುತ್ತಿತ್ತು. ಕುವೆಂಪು ಅವರ ಸ್ಮಶಾನ ಕುರುಕ್ಷೇತ್ರಂ ನಾಟಕ ಯುದ್ಧ ಮುಗಿದ ರಾತ್ರಿಯದು. ರಣರಂಗದಲ್ಲಿ ತಮ್ಮವರ ಹೆಣ ಹುಡುಕಿ ಬರುವ ಬಡ ಹೆಂಗಸರಿಗೆ ಅಲ್ಲಿ ಮಾತಿದೆ. 1979ರಲ್ಲಿ ಎಸ್.ಎಲ್. ಭೈರಪ್ಪನವರ ಪರ್ವ ಬಂತು. ಅದರಲ್ಲಿ ದೇವರಿಲ್ಲ, ಪವಾಡವಿಲ್ಲ. ಲಕ್ಷಗಟ್ಟಲೆ ಜನ ಒಂದೆಡೆ ಬೀಡುಬಿಟ್ಟರೆ ನೀರು ಎಲ್ಲಿಂದ, ಧಾನ್ಯ ಎಲ್ಲಿಂದ, ಮಲಮೂತ್ರ ಎಲ್ಲಿ, ಹೆಣ ಕೊಳೆತರೆ ಏನು ಎಂಬ ಪ್ರಶ್ನೆಗಳಿವೆ. ಯಾತಕ್ಕೆ ಬಂದೆವು ಎಂದೇ ಗೊತ್ತಿಲ್ಲದ ಸೈನಿಕರಿದ್ದಾರೆ. ಅದನ್ನು ಓದಿದ ಮೇಲೆ ಕಾಳಗದ ಪದ್ಯಗಳನ್ನು ಮೊದಲಿನ ಹಾಗೆ ಕೇಳುವುದು ಕಷ್ಟ.

ನಮ್ಮ ಕಡೆಯದ್ದೇ ಯುದ್ಧ ಬೇಕೆಂದರೆ 1837ರ ಏಪ್ರಿಲ್ ಇದೆ. ಸುಳ್ಯದಿಂದ ಹೊರಟ ರೈತರ ದಂಡು ಮಂಗಳೂರಿಗೆ ಬಂದು ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿತು. ನಿರಂಜನರ ಕಲ್ಯಾಣಸ್ವಾಮಿ ಆ ಕಥೆ. ಅಲ್ಲಿರುವುದು ಸಂಬಳದ ಸೈನಿಕರಲ್ಲ, ಬೇಸಾಯದವರು. ಅದಕ್ಕೇ ಆ ಪುಸ್ತಕದ ಜನ ನಮಗೆ ಹತ್ತಿರ.

ಇನ್ನು 1999ರ ಕಾರ್ಗಿಲ್ ಯುದ್ಧದ ನಂತರ ಬಂದ ಪದ್ಯಗಳು. ಕದ್ರಿ ಗುಡ್ಡೆಯ ಯುದ್ಧ ಸ್ಮಾರಕದಲ್ಲಿ, ಉಡುಪಿಯ ಅಜ್ಜರಕಾಡಿನ ಹುತಾತ್ಮ ಸ್ಮಾರಕದಲ್ಲಿ ಹೂಗುಚ್ಛ ಇಡುವ ದಿನಗಳಲ್ಲಿ ವಾಟ್ಸಾಪಿಗೆ ಬಂದು ಬೀಳುವಂಥವು. ಕೆಳಗೆ ಗುಂಡು, ನಡುವೆ ತ್ರಿವರ್ಣ ಧ್ವಜ, ಮೇಲೆ ಅಮರತ್ವ. ವೀರಗಲ್ಲಿನ ಮೂರು ಅಂತಸ್ತು ಹಾಗೇ ಇದೆ, ಅಪ್ಸರೆಯರ ಜಾಗಕ್ಕೆ ಬಾವುಟ ಬಂದಿದೆ. ಬರೆಯುವವರ ಮನಸ್ಸು ಒಳ್ಳೆಯದೇ, ಅದರಲ್ಲಿ ಅನುಮಾನ ಇಲ್ಲ. ಆದರೆ ನೆತ್ತರುಗೊಡಗೆಯ ಲೆಕ್ಕ ಕಲ್ಲಿನಲ್ಲಿತ್ತು, ಈ ಪದ್ಯಗಳಲ್ಲಿ ಅದೂ ಇಲ್ಲ. ಪಿಂಚಣಿ, ಮನೆ ಸಾಲ, ಮಗುವಿನ ಶಾಲೆ ಯಾವುದೂ ಬರುವುದಿಲ್ಲ.

ಸೈನಿಕರೇ ಯಾಕೆ ಬರೆಯುವುದಿಲ್ಲ ಎಂದು ಕೇಳಬಹುದು. ಒಂದು ಕಾರಣ ಕಾನೂನು. 1950ರ ಸೇನಾ ಕಾಯ್ದೆ, 1954ರ ನಿಯಮಗಳ ಪ್ರಕಾರ ಕೆಲಸದಲ್ಲಿರುವ ಸೈನಿಕ ಸೇವೆಯ ವಿಷಯವನ್ನು ಅನುಮತಿ ಇಲ್ಲದೆ ಪ್ರಕಟಿಸುವ ಹಾಗಿಲ್ಲ. ಅನುಮತಿ ಸಿಗದಿದ್ದರೆ ನಿವೃತ್ತಿಯವರೆಗೆ ಕಾಯಬೇಕು. ಇನ್ನೊಂದು ನಮ್ಮ ಊರಿನದೇ ಕಾರಣ. ಕೊಡಗಿನ ಹಾಗೆ ಮನೆಮನೆಯಲ್ಲಿ ಸೈನ್ಯದ ಮಾತು ನಡೆಯುವ ಊರಲ್ಲ ಇದು. ಹುಡುಗರು ಗಲ್ಫಿಗೋ ಮುಂಬೈಗೋ ಹೋದದ್ದೇ ಜಾಸ್ತಿ. ಸೈನ್ಯಕ್ಕೆ ಹೋದವನಿಗೆ ಮನೆಯಲ್ಲಿ ತುಳು, ಕೊಂಕಣಿ ಇಲ್ಲವೇ ಬ್ಯಾರಿ. ಕನ್ನಡ ಶಾಲೆಯದ್ದು. ಆಮೇಲೆ ಬ್ಯಾರಕ್ಕಿನಲ್ಲಿ ವರ್ಷಗಟ್ಟಲೆ ಹಿಂದಿ. ಊರಿಗೆ ಬಂದು ಸೆಕ್ಯುರಿಟಿ ಕೆಲಸಕ್ಕೋ ತೋಟದ ಕೆಲಸಕ್ಕೋ ನಿಂತ ಮೇಲೆ ಕೂತು ಬರೆಯುವ ಕನ್ನಡ ಕೈಗೆ ಬೇಗ ಬರುವುದಿಲ್ಲ. ಮಾತಿಗೆ ಕೂತರೆ ಮಾತ್ರ ಬೇಕಾದಷ್ಟು ಹೇಳುತ್ತಾರೆ, ಅದೂ ತುಳುವಿನಲ್ಲಿ: ಚಳಿಯ ಕಥೆ, ಮೆಸ್ಸಿನ ರೊಟ್ಟಿಯ ಬೈಗುಳ, ರಜೆ ಸಿಗದ ಸಿಟ್ಟು. ಗುಂಡಿನ ವಿಷಯ ಬಂದರೆ ಹೆಚ್ಚಿನವರು ಮಾತು ಬದಲಿಸುತ್ತಾರೆ. ಶಾಲೆಯ ಕಾರ್ಯಕ್ರಮಕ್ಕೆ ಕರೆಸಿ ಶಾಲು ಹೊದಿಸಿ ಐದು ನಿಮಿಷ ಮಾತಾಡಲು ಹೇಳುವ ನಾವು, ಅವರ ಎದುರು ಒಂದು ಮಧ್ಯಾಹ್ನ ಫೋನಿನ ರೆಕಾರ್ಡರ್ ಇಟ್ಟು ಕೂತದ್ದು ಕಡಿಮೆ.