‘ಮೆದುಳಿನ ನರ ಒಡೆಯಿತು’: ಯಾವ ನರ?

‘ಮೆದುಳಿನ ನರ ಒಡೆದು ರಕ್ತಸ್ರಾವ’ ಎಂಬ ಸಾಲನ್ನು ಪತ್ರಿಕೆಯಲ್ಲಿ ಮತ್ತೊಮ್ಮೆ ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ನರದಲ್ಲಿ ಹರಿಯುವುದು ಸಂದೇಶ; ಒಡೆಯುವುದು ರಕ್ತನಾಳ, ಹೆಚ್ಚಾಗಿ ಹೃದಯದಿಂದ ರಕ್ತ ತರುವ ಧಮನಿ. ಈ ಗೊಂದಲ ಹಳೆಯದು. ತಮಿಳಿನ ‘ನರಂಬು’ವಿನ ಒಡಹುಟ್ಟಾದ ನಮ್ಮ ‘ನರ’, ಚರ್ಮದಡಿ ಹುರಿಯಂತೆ ಕಾಣುವ ಸ್ನಾಯುರಜ್ಜು, ರಕ್ತನಾಳ, ನರತಂತು ಮೂರಕ್ಕೂ ಸಲ್ಲುತ್ತಿದ್ದ ಪದ. ‘ಡ್ರಿಪ್ ಹಾಕಲು ನರ ಸಿಗುತ್ತಿಲ್ಲ’ ಎಂದು ನರ್ಸ್ ಹೇಳಿದರೆ ನನ್ನ ತಕರಾರಿಲ್ಲ, ಆಡುಮಾತಿಗೆ ಆ ಸಲಿಗೆ ಇದೆ. ಮೆದುಳಿನ ಬಗ್ಗೆ ಬರೆಯುವವರಿಗೆ ಇಲ್ಲ.

ಚರಕಸಂಹಿತೆ ಈ ಪದಗಳನ್ನು ಅಚ್ಚುಕಟ್ಟಾಗಿಯೇ ಬಿಡಿಸಿತ್ತು: ‘ಧ್ಮಾನಾದ್ ಧಮನ್ಯಃ’, ‘ಸರಣಾತ್ ಸಿರಾಃ’. ಊದಿದಂತೆ ಮಿಡಿಯುವುದು ಧಮನಿ, ಸರಿದು ಹೋಗುವುದು ಸಿರೆ. ಹೃದಯಕ್ಕೆ ರಕ್ತವನ್ನು ಮರಳಿಸುವ ನಾಳಕ್ಕೆ ಎರಡಕ್ಷರದ ‘ಸಿರೆ’ ಕೈಯಲ್ಲಿದ್ದರೂ ನಮ್ಮ ಪಠ್ಯಪುಸ್ತಕಗಳು ‘ಧಮನಿ’ಗೇ ‘ಅಭಿ’ ಅಂಟಿಸಿ ‘ಅಭಿಧಮನಿ’ ಎಂದವು. ಮಕ್ಕಳು ಪರೀಕ್ಷೆಯಲ್ಲಿ ಎರಡನ್ನೂ ಅದಲುಬದಲು ಮಾಡಿದರೆ ತಪ್ಪು ಮಕ್ಕಳದಲ್ಲ. ಸಾಲದೆಂಬಂತೆ ‘ಅಶುದ್ಧ ರಕ್ತವನ್ನು ಒಯ್ಯುವ ನಾಳ’ ಎಂಬ ವಿವರಣೆಯನ್ನೂ ಕೊಟ್ಟು, ಅಭಿಧಮನಿಯನ್ನು ಚರಂಡಿಯ ಮಟ್ಟಕ್ಕೆ ಇಳಿಸಿದವು.

ಮೆದುಳಿನೊಳಗಿನ ರಕ್ತದಲ್ಲಿ ಸುಮಾರು ಶೇ 70ರಷ್ಟು ಇರುವುದು ಈ ‘ಚರಂಡಿ’ಯಲ್ಲೇ. ಹರಿವನ್ನು ಹೆಚ್ಚುಕಡಿಮೆ ಮಾಡುವ ಮುಖ್ಯ ನಲ್ಲಿಗಳು ಕಿರುಧಮನಿಗಳೇ ಹೌದು. ಆದರೆ ತಲೆಬುರುಡೆ ಹಿಗ್ಗುವುದಿಲ್ಲ. ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಮನ್ರೊ 1783ರಲ್ಲೇ ಗುರುತಿಸಿದಂತೆ, ಒಳಗೆ ಒಂದಿಷ್ಟು ಹೆಚ್ಚಬೇಕಾದರೆ ಅಷ್ಟೇ ಹೊರಹೋಗಬೇಕು. ಒಳಗಿನ ಒತ್ತಡ ಏರಿದಾಗ ಅಮುಕಿಕೊಂಡು, ತಮ್ಮ ರಕ್ತವನ್ನು ಹೊರಗೆ ಬಿಟ್ಟು ಜಾಗ ಮಾಡಿಕೊಡುವವು ತೆಳುಗೋಡೆಯ, ಕವಾಟಗಳಿಲ್ಲದ ಅಭಿಧಮನಿಗಳು. ಮೆದುಳನ್ನು ಸುತ್ತುವರಿದ ದ್ರವವೂ ಅವುಗಳ ಜೊತೆಗೂಡುತ್ತದೆ. ಮೇಲಾಗಿ, ರಕ್ತವನ್ನು ಮುಂದೆ ತಳ್ಳುವುದು ಎರಡು ತುದಿಗಳ ಒತ್ತಡದ ವ್ಯತ್ಯಾಸವಾದ್ದರಿಂದ, ಹೊರದಾರಿಯಾದ ಅಭಿಧಮನಿಯಲ್ಲಿ ಒತ್ತಡ ಏರಿದರೆ ಧಮನಿ ಎಷ್ಟೇ ಆರೋಗ್ಯವಾಗಿದ್ದರೂ ಹರಿವು ಕುಗ್ಗುತ್ತದೆ.

ಮೆದುಳಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದಾಗ ಆಗುವುದು ಇದೇ: ಒತ್ತಡ ಹಿಂದಕ್ಕೆ ತುಂಬಿಕೊಂಡು ಮೆದುಳು ಊದಿಕೊಳ್ಳುತ್ತದೆ, ಕೆಲವೊಮ್ಮೆ ರಕ್ತವೂ ಸೋರುತ್ತದೆ. ಆಗ ವೈದ್ಯರು ಸಾಮಾನ್ಯವಾಗಿ, ರಕ್ತಸ್ರಾವವಿದ್ದರೂ, ಹೆಪ್ಪುತಡೆಯುವ ಹೆಪಾರಿನ್ ಕೊಡುತ್ತಾರೆ. ಧಮನಿ ಒಡೆದವರಿಗೆ ಅದನ್ನೇ ಕೊಟ್ಟರೆ ಪ್ರಾಣಕ್ಕೆ ಅಪಾಯ. ವರದಿಗಾರರ ‘ನರ’ದಲ್ಲಿ ಈ ಇಬ್ಬರು ರೋಗಿಗಳೂ ಒಂದೇ.