ಸಪ್ಪಳದ ಮುಂದೆ ನೋಡು

ಸಿರುಗುಪ್ಪ ತಾಲ್ಲೂಕಿನ ನಮ್ಮೂರ ಮೇಲೆ ವಿಮಾನ ಹೋದರೆ ಓಣಿಯ ಹುಡುಗರೆಲ್ಲ ಮಾಳಿಗೆ ಏರುತ್ತಿದ್ದೆವು. ಏರಿದವರಲ್ಲಿ ಹೆಚ್ಚಿನವರಿಗೆ ವಿಮಾನ ಕಾಣುತ್ತಲೇ ಇರಲಿಲ್ಲ. ಸದ್ದು ನೆತ್ತಿಯ ಮೇಲೆ ಗುಡುಗುತ್ತಿತ್ತು, ನೆತ್ತಿಯ ಮೇಲಿನ ಆಕಾಶ ಮಾತ್ರ ಬರಿದಾಗಿರುತ್ತಿತ್ತು. ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದ ನಮ್ಮ ದೊಡ್ಡಪ್ಪ ರಜೆಗೆ ಬಂದಿದ್ದಾಗ ಒಂದು ದಿನ ನನ್ನ ಗದ್ದ ಹಿಡಿದು ಮುಖವನ್ನು ದಕ್ಷಿಣಕ್ಕೆ ತಿರುಗಿಸಿ, “ಸಪ್ಪಳ ಬಂದ ಕಡೆ ನೋಡಬ್ಯಾಡ ತಮ್ಮಾ, ಅದರ ಮುಂದ ನೋಡು” ಎಂದರು. ಅಲ್ಲಿ, ನಾನು ಹುಡುಕುತ್ತಿದ್ದ ಜಾಗದಿಂದ ಬಹಳ ದೂರದಲ್ಲಿ, ಅಕ್ಕಿಕಾಳಿನಷ್ಟು ಬೆಳ್ಳಗಿನ ಚುಕ್ಕೆಯೊಂದು ಜರುಗುತ್ತಿತ್ತು.

ಆ ಮಾತಿನ ಹಿಂದಿರುವ ಲೆಕ್ಕ ಸರಳವಾದದ್ದು. ಹತ್ತು ಕಿಲೋಮೀಟರ್ ಎತ್ತರದಿಂದ ಬೆಳಕು ನಮ್ಮ ಕಣ್ಣಿಗೆ ಬರಲು ಸೆಕೆಂಡಿನ ಮೂವತ್ತು ಸಾವಿರದಲ್ಲಿ ಒಂದು ಪಾಲು ಸಾಕು. ಶಬ್ದದ ನಡಿಗೆ ನಿಧಾನ. ನಮ್ಮ ಬಿಸಿಲಿನಲ್ಲಿ ನೆಲದ ಹತ್ತಿರ ಅದು ಸೆಕೆಂಡಿಗೆ ಸುಮಾರು 350 ಮೀಟರ್ ಸಾಗಿದರೆ, ವಿಮಾನ ಹಾರುವ ಎತ್ತರದ ಕೊರೆಯುವ ಗಾಳಿಯಲ್ಲಿ 300 ಮೀಟರ್ ಮಾತ್ರ ಸಾಗುತ್ತದೆ. ಹೀಗಾಗಿ ಮೇಲಿನ ಸದ್ದು ಮಾಳಿಗೆಗೆ ಇಳಿಯಲು ಅರ್ಧ ನಿಮಿಷ ಹಿಡಿಯುತ್ತದೆ. ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಹೋಗುವ ವಿಮಾನ ಅಷ್ಟರಲ್ಲಿ ಏಳೂವರೆ ಕಿಲೋಮೀಟರ್ ಮುಂದೆ ಹೋಗಿಬಿಟ್ಟಿರುತ್ತದೆ. ತೋಳು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿ ಆಕಾಶದಲ್ಲಿ ಸುಮಾರು 10 ಡಿಗ್ರಿಯಷ್ಟು ಜಾಗ ಮುಚ್ಚುತ್ತದೆ. ನೆತ್ತಿಯ ಮೇಲೆ ಸದ್ದು ಕೇಳಿದರೆ ವಿಮಾನವನ್ನು ಅಲ್ಲಿಂದ ಮೂರೂವರೆ ಮುಷ್ಟಿ ಮುಂದೆ ಹುಡುಕಬೇಕು. ದೊಡ್ಡಪ್ಪ ಈ ಕೋನಗಳನ್ನೆಲ್ಲ ಎಂದೂ ಹೇಳಿದವರಲ್ಲ, ಗದ್ದವನ್ನು ಎಷ್ಟು ತಿರುಗಿಸಬೇಕೋ ಅಷ್ಟು ತಿರುಗಿಸಿದ್ದರು.

ಇದನ್ನು ಕಲಿತ ಮೇಲೂ ನಾನು ಇನ್ನೊಂದು ವಿಮಾನದ ವಿಷಯದಲ್ಲಿ ಮೂವತ್ತು ವರ್ಷ ತಪ್ಪು ಹೇಳುತ್ತ ಬಂದೆ. ನಾಲ್ಕನೇ ತರಗತಿಯಲ್ಲಿದ್ದಾಗ, ಕಾಲುವೆಯ ಆಚೆಯ ನೆಲ್ಲಿನ ಗದ್ದೆಗಳ ಮೇಲೆ ಯುದ್ಧವಿಮಾನವೊಂದು ಬಹಳ ಕೆಳಗೆ ಹಾದುಹೋಗಿತ್ತು. ಬೆಳ್ಳಕ್ಕಿಗಳು ಒಟ್ಟಿಗೆ ಎದ್ದದ್ದು, ಕಳೆ ಕೀಳುತ್ತಿದ್ದ ಹೆಂಗಸರು ಕಿವಿ ಮುಚ್ಚಿಕೊಂಡು ಕೆಸರಿನಲ್ಲೇ ಕುಳಿತದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಅದು ಬೆಳ್ಳಿಬಣ್ಣದ ಮಿಗ್-21 ಎಂದೂ, ಮೂತಿಯಲ್ಲಿ ದುಂಡನೆಯ ಬಾಯಿತ್ತೆಂದೂ, ಮೊದಲು ಭೋರ್ಗರೆತ ಕೇಳಿಸಿ ಆಮೇಲೆ ವಿಮಾನ ಕಾಣಿಸಿತೆಂದೂ ಎಲ್ಲರಿಗೂ ಹೇಳುತ್ತಿದ್ದೆ. ದೊಡ್ಡಪ್ಪನೇ ನಮ್ಮೂರ ಮೇಲೆ ಅದನ್ನು ಕಳಿಸಿದ್ದರೆಂಬುದು ಅಜ್ಜಿಯ ಸೇರ್ಪಡೆ.

ಒಂದು ಯುಗಾದಿಯಂದು ಮೊಮ್ಮಕ್ಕಳಿಗೆ ಈ ಕಥೆ ಹೇಳುತ್ತಿದ್ದಾಗ ದೊಡ್ಡಪ್ಪ ಪಕ್ಕದಲ್ಲೇ ಇದ್ದರು. ಪೂರ್ತಿ ಕೇಳಿಸಿಕೊಂಡು, “ಹಿಂದ ಬೆಂಕಿ ತೂತು ಒಂದಿತ್ತೋ, ಎರಡಿತ್ತೋ?” ಎಂದು ಕೇಳಿದರು. ಎರಡು, ಜೋಡಿಕಣ್ಣಿನ ಹಾಗೆ ಅಕ್ಕಪಕ್ಕ ಇದ್ದವು ಎಂದೆ. “ಮಿಗ್‌ಗೆ ಇರೋದು ಒಂದ ತೂತು” ಎಂದು ಅವರು ನಕ್ಕುಬಿಟ್ಟರು.

ಆ ಕಾಲದಲ್ಲಿ ಅಕ್ಕಪಕ್ಕ ಎರಡು ಎಂಜಿನ್ ಇದ್ದ ಯುದ್ಧವಿಮಾನಗಳಲ್ಲಿ ಒಂದು ನಮ್ಮ ಬೆಂಗಳೂರಿನದೇ. ಜರ್ಮನಿಯ ವಿನ್ಯಾಸಕಾರ ಕುರ್ಟ್ ಟಾಂಕ್ ಅವರ ಮುಂದಾಳತ್ವದಲ್ಲಿ ಎಚ್‌ಎಎಲ್ ರೂಪಿಸಿದ ಮಾರುತ್ 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿತು. ಒಟ್ಟು 147 ಮಾರುತ್‌ಗಳು ತಯಾರಾದವು. ಅದರ ಮೂತಿ ಚೂಪು, ಗಾಳಿ ಎಳೆದುಕೊಳ್ಳುವ ಬಾಯಿಗಳು ಪಕ್ಕೆಗಳಲ್ಲಿ. ಮಿಗ್-21ರಲ್ಲಿ ಮೂತಿಯೇ ಬಾಯಿ. ಹಾಗಾದರೆ ನನ್ನ ನೆನಪಿನ ದುಂಡುಬಾಯಿ ಎಲ್ಲಿಂದ ಬಂತು? ನಡುಮನೆಯ ಗೋಡೆಯ ಮೇಲೆ, ಮಿಗ್ ವಿಮಾನದ ಮೂತಿಯ ಪಕ್ಕ ದೊಡ್ಡಪ್ಪ ಸೆಟೆದು ನಿಂತ ಫೋಟೊ ಒಂದಿದೆ. ದಿನಕ್ಕೆ ನಾಲ್ಕು ಸಲ ಅದರ ಮುಂದೆ ಓಡಾಡಿದ ಹುಡುಗನ ತಲೆ, ಗದ್ದೆಯ ಮೇಲೆ ಕ್ಷಣಮಾತ್ರ ಕಂಡ ವಿಮಾನಕ್ಕೆ ಗೋಡೆಯ ಮೇಲಿನ ಮೂತಿಯನ್ನು ಜೋಡಿಸಿಕೊಂಡಿತ್ತು.

ಫೋಟೊಗಳಿಗೆ ಈ ಶಕ್ತಿ ಇರುವುದನ್ನು ಮನೋವಿಜ್ಞಾನಿಗಳು ಪರೀಕ್ಷಿಸಿ ನೋಡಿದ್ದಾರೆ. 2002ರಲ್ಲಿ ಕಿಂಬರ್ಲಿ ವೇಡ್ ಮತ್ತು ಸಂಗಡಿಗರು 20 ಜನರಿಗೆ ಅವರವರ ಬಾಲ್ಯದ ಫೋಟೊಗಳನ್ನು ತೋರಿಸಿದರು. ಅವುಗಳಲ್ಲಿ ಒಂದು, ಆ ಮಗು ಬಿಸಿಗಾಳಿ ಬಲೂನಿನಲ್ಲಿ ಕುಳಿತಂತೆ ಕೃತಕವಾಗಿ ಜೋಡಿಸಿದ ಚಿತ್ರ. ಅವರಲ್ಲಿ ಯಾರೂ ಬಲೂನು ಹತ್ತಿದವರಲ್ಲ. ಆದರೂ ಒಂದೆರಡು ವಾರಗಳಲ್ಲಿ ನಡೆದ ಮೂರು ಸಂದರ್ಶನಗಳು ಮುಗಿಯುವಷ್ಟರಲ್ಲಿ ಅರ್ಧದಷ್ಟು ಜನ ಆ ಪ್ರಯಾಣವನ್ನು ಪೂರ್ತಿಯಾಗಿಯೋ ಒಂದಿಷ್ಟೋ “ನೆನಪಿಸಿಕೊಂಡರು”. ಇನ್ನೊಂದು ಪ್ರಯೋಗ ನನ್ನನ್ನು ಹೆಚ್ಚು ಕಾಡುತ್ತದೆ. 1986ರ ಜನವರಿಯಲ್ಲಿ ಚಾಲೆಂಜರ್ ಗಗನನೌಕೆ ಸ್ಫೋಟಗೊಂಡ ಮರುದಿನವೇ ಉಲ್ರಿಕ್ ನೈಸರ್ ಎಂಬ ವಿಜ್ಞಾನಿ, ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು ಎಂದು 106 ವಿದ್ಯಾರ್ಥಿಗಳಿಂದ ಬರೆಯಿಸಿಟ್ಟುಕೊಂಡರು. ಎರಡೂವರೆ ವರ್ಷ ಕಳೆದ ಮೇಲೆ ಅವರಲ್ಲಿ 44 ಜನರನ್ನು ಮತ್ತೆ ಕೇಳಿದರೆ, 11 ಜನರ ಉತ್ತರದಲ್ಲಿ ಒಂದು ಅಂಶವೂ ಹಳೆಯದಕ್ಕೆ ತಾಳೆಯಾಗಲಿಲ್ಲ. ತಮ್ಮದೇ ಕೈಬರಹವನ್ನು ಮುಂದಿಟ್ಟರೂ ಅವರಿಗೆ ಹಳೆಯ ನೆನಪು ಮರಳಲಿಲ್ಲ. ಮನಸ್ಸಿಗೆ ಗಾಢವಾಗಿ ತಟ್ಟಿದ ಘಟನೆ ಅಚ್ಚೊತ್ತಿದಂತೆ ಉಳಿಯುತ್ತದೆಂದು ನಾವು ನಂಬುತ್ತೇವೆ. ಮಿದುಳು ಪ್ರತಿ ಸಲವೂ ಅದನ್ನು ಸಿಕ್ಕಿದ ಸಾಮಾನಿನಿಂದ ಮತ್ತೆ ಕಟ್ಟುತ್ತದೆ.

ಸದ್ದು ಮೊದಲು ಬಂತೆಂಬ ನನ್ನ ಮಾತೂ ಅದೇ ಜಾತಿಯದು. ಗಂಟೆಗೆ 800 ಕಿಲೋಮೀಟರ್ ವೇಗದಲ್ಲಿ ಕೆಳಗೆ ಬರುವ ವಿಮಾನ ಒಂದು ಕಿಲೋಮೀಟರ್ ದೂರದಲ್ಲಿರುವಾಗ ಹೊರಟ ಸದ್ದು, ವಿಮಾನಕ್ಕಿಂತ ಒಂದೂವರೆ ಸೆಕೆಂಡ್ ಮುಂಚೆ ಮಾತ್ರ ನಮ್ಮನ್ನು ತಲುಪುತ್ತದೆ. ಅದೂ ಸಣ್ಣ ಸದ್ದು, ಏಕೆಂದರೆ ಜೆಟ್ಟಿನ ಆರ್ಭಟ ಹುಟ್ಟುವುದು ಬಾಲದಿಂದ ಚಿಮ್ಮುವ ಬಿಸಿ ಅನಿಲ ಹೊರಗಿನ ನಿಂತ ಗಾಳಿಯೊಡನೆ ಕಲಸುವ ಜಾಗದಲ್ಲಿ, ಅದು ಹೆಚ್ಚಾಗಿ ಹರಡುವುದೂ ಹಿಂದಕ್ಕೇ. ಆ ಅನಿಲದ ವೇಗ ಇಮ್ಮಡಿಯಾದರೆ ಸದ್ದಿನ ಶಕ್ತಿ ಅದರ ಎಂಟನೇ ಘಾತದಂತೆ, ಎಂದರೆ 256 ಪಟ್ಟು, ಹೆಚ್ಚುತ್ತದೆಂದು 1952ರಲ್ಲಿ ಜೇಮ್ಸ್ ಲೈಟ್‌ಹಿಲ್ ತೋರಿಸಿಕೊಟ್ಟರು. ಇಂದಿನ ಪ್ರಯಾಣಿಕ ವಿಮಾನಗಳು ದೊಡ್ಡ ಫ್ಯಾನಿನಿಂದ ಹೆಚ್ಚು ಗಾಳಿಯನ್ನು ನಿಧಾನವಾಗಿ ತಳ್ಳುವುದರಿಂದ ಮೆತ್ತಗೆ ಗುನುಗುತ್ತವೆ. ಅಂದಿನ ಯುದ್ಧವಿಮಾನಗಳ ಸಣ್ಣ ಕೊಳವೆಯಿಂದ ಅನಿಲ ಬಾಣದಂತೆ ಬರುತ್ತಿತ್ತು. ಅಂದು ಗದ್ದೆಯಲ್ಲಿ ನಮ್ಮನ್ನು ಬಡಿದು ಕೂರಿಸಿದ್ದು ಆಗಲೇ ದಾಟಿಹೋಗಿದ್ದ ವಿಮಾನದ ಬಾಲದ ಸದ್ದು. ಕಣ್ಣು ಮತ್ತು ಕಿವಿ ಬೇರೆ ಬೇರೆ ಹೊತ್ತಿನಲ್ಲಿ ತಂದದ್ದನ್ನು ನೆನಪು ತನಗೆ ಬೇಕಾದ ಕ್ರಮದಲ್ಲಿ ಪೋಣಿಸಿತ್ತು.

ದೊಡ್ಡಪ್ಪನ ನೆನಪುಗಳ ಬಗೆಯೇ ಬೇರೆ. 1971ರ ಯುದ್ಧದಲ್ಲಿ, ಡಿಸೆಂಬರ್ 3ರ ಸಂಜೆಯಿಂದ 17ರವರೆಗೆ, ಅವರು ಪಶ್ಚಿಮ ಗಡಿಯ ಒಂದು ನೆಲೆಯಲ್ಲಿದ್ದರು. ಊರಿನಲ್ಲಿ ಈ ಕಥೆ ವರ್ಷದಿಂದ ವರ್ಷಕ್ಕೆ ಬೆಳೆದು, ಅವರೇ ವಿಮಾನ ಹಾರಿಸಿದರೆಂಬಲ್ಲಿಗೆ ಬಂದು ನಿಂತಿದೆ. ಅವರನ್ನೇ ಕೇಳಿದರೆ ಹೇಳುವುದು ಒಂದು ತುಂಡು ತಂತಿಯ ವಿಷಯ. ನಟ್ಟು ಸಡಿಲವಾಗದಂತೆ ಹೆಣೆಯುವ ಲಾಕಿಂಗ್ ವೈರಿನ, ಕಿರುಬೆರಳಿಗಿಂತ ಗಿಡ್ಡನೆಯ ಚೂರು ಒಂದು ರಾತ್ರಿ ಕತ್ತರಿಸುವಾಗ ಕೈಜಾರಿ ಬಿತ್ತು. ದೀಪ ಹಚ್ಚುವಂತಿಲ್ಲ. ಟಾರ್ಚಿನ ಗಾಜಿಗೆ ಕಾರ್ಬನ್ ಪೇಪರ್ ಸುತ್ತಿ, ನಾಲ್ವರು ಮೊಣಕಾಲೂರಿ ಕಾಂಕ್ರೀಟ್ ನೆಲವನ್ನು ಅಂಗೈಯಿಂದ ಸವರುತ್ತ ಹುಡುಕಿದರಂತೆ. ಎಂಜಿನ್ನಿನ ರೋಟರು ನಿಮಿಷಕ್ಕೆ 11 ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವಾಗ ಅಂಥ ಚೂರು ಒಳಗೆ ಹೋದರೆ ಒಂದು ಅಲಗನ್ನು ಕಚ್ಚು ಮಾಡುತ್ತದೆ, ಆ ಅಲಗು ಮುರಿದರೆ ಹಿಂದಿನ ಸಾಲುಗಳನ್ನೆಲ್ಲ ಸೀಳಿಕೊಂಡು ಹೋಗುತ್ತದೆ. ಚೂರು ಸಿಕ್ಕಿದ್ದು ಅವರದೇ ಬೂಟಿನ ಅಟ್ಟೆಯಲ್ಲಿ. ಆಮೇಲೆಯೇ ವಿಮಾನದ ದಾಖಲೆ ಪುಸ್ತಕವಾದ ‘ಫಾರ್ಮ್ 700’ರಲ್ಲಿ ಸಹಿ ಬಿತ್ತು. ಯುದ್ಧದ ಬಗ್ಗೆ ಅವರು ನಮಗೆ ಹೇಳಿದ್ದು ಇಷ್ಟೇ, ಮತ್ತು ಪ್ರತಿ ಸಲವೂ ಒಂದೇ ರೀತಿ. ಊರಿನ ಕಥೆಗಿಂತ ಇದನ್ನೇ ನಾನು ಹೆಚ್ಚು ನಂಬುತ್ತೇನೆ. ಹಿಗ್ಗಿಸುವುದಕ್ಕೆ ಅದರಲ್ಲಿ ಏನೂ ಇಲ್ಲ.

ವಾಸನೆಯ ಮಾತನ್ನೂ ಹೇಳಬೇಕು. ರಜೆಗೆ ಬಂದಾಗಲೆಲ್ಲ ನ್ಯಾಯಬೆಲೆ ಅಂಗಡಿಯಿಂದ ಚಿಮಣಿ ಎಣ್ಣೆ ತರಲು ಅವರೇ ಡಬ್ಬಿ ಹಿಡಿದು ಹೊರಡುತ್ತಿದ್ದರು. ಡ್ರಮ್ಮಿನಿಂದ ಎಣ್ಣೆ ಅಳೆದು ಹಾಕುವಾಗ ಅವರ ಮುಖ ನೋಡಬೇಕಿತ್ತು. ಜೆಟ್ ಎಂಜಿನ್ನಿನ ಇಂಧನ ಮೂಲದಲ್ಲಿ ಸೀಮೆಎಣ್ಣೆಯೇ. ಪೆಟ್ರೋಲ್ ಎತ್ತರದ ತೆಳುಗಾಳಿಯಲ್ಲಿ ಬಲುಬೇಗ ಆವಿಯಾಗುತ್ತದೆ, ಡೀಸೆಲ್ ಚಳಿಗೆ ಮೇಣಗಟ್ಟುತ್ತದೆ. ನಡುವಿನ ಸೀಮೆಎಣ್ಣೆಯನ್ನು ಚೆನ್ನಾಗಿ ಶುದ್ಧ ಮಾಡಿ, ಮೈನಸ್ 47 ಡಿಗ್ರಿಯವರೆಗೂ ಹೆಪ್ಪುಗಟ್ಟದಂತೆ ತಯಾರಿಸಿದರೆ ವಿಮಾನಕ್ಕೆ ಒಗ್ಗುತ್ತದೆ. ಕಣ್ಣು ಮತ್ತು ಕಿವಿಯ ಸಂಕೇತಗಳು ಮಿದುಳಿನ ಥಲಾಮಸ್ ಎಂಬ ಕಟ್ಟೆಯನ್ನು ಹಾದು ಮುಂದೆ ಹೋಗಬೇಕು. ಮೂಗಿನ ಸಂಕೇತಗಳಿಗೆ ಆ ಸುತ್ತುದಾರಿ ಇಲ್ಲ, ಅವು ಭಾವನೆಯ ಕೇಂದ್ರವಾದ ಅಮಿಗ್ಡಲವನ್ನೂ ನೆನಪಿನ ಹಿಪೊಕ್ಯಾಂಪಸ್‌ನ ಆಸುಪಾಸನ್ನೂ ಹತ್ತಿರದ ದಾರಿಯಲ್ಲೇ ಮುಟ್ಟುತ್ತವೆ. ಅಡುಗೆಮನೆಯ ಸ್ಟೋವಿನ ಮುಂದೆ ಕುಳಿತ ಫಿಟ್ಟರ್ ಒಮ್ಮೆಗೇ ಮೌನವಾಗುತ್ತಿದ್ದುದಕ್ಕೆ ಇದೇ ಕಾರಣವಿರಬೇಕು. ದೊಡ್ಡಮ್ಮನಿಗೆ ಮಾತ್ರ ಅವರ ಕರಿ ಟ್ರಂಕಿನಲ್ಲಿ ಬಟ್ಟೆಗಳಿಗೆ ಹತ್ತಿದ ಆ ವಾಸನೆ ಎಂದರೆ ಆಗುತ್ತಿರಲಿಲ್ಲ.

ನಿವೃತ್ತರಾಗಿ ಬಂದ ಮೇಲಿನ ಮೊದಲ ಮೇ ತಿಂಗಳಿನಲ್ಲಿ, ಬೇವಿನಮರದ ಕೆಳಗೆ ಕುಳಿತು, “ಈ ಬಿಸಿಲಿಗೆ ವಿಮಾನಕ್ಕೂ ಉಸಿರು ಸಾಲಂಗಿಲ್ಲ” ಎಂದಿದ್ದರು. ಬಳ್ಳಾರಿ ಸಮುದ್ರಮಟ್ಟದಿಂದ 450 ಮೀಟರಿಗಿಂತ ತುಸು ಮೇಲಿದೆ. ಅಲ್ಲಿ ಪಾದರಸ 42 ಡಿಗ್ರಿ ಮುಟ್ಟಿದಾಗ ಗಾಳಿ ಹಿಗ್ಗಿ, ಒಂದು ಘನ ಮೀಟರ್ ಗಾಳಿಯ ತೂಕ 1.06 ಕಿಲೋಗ್ರಾಮಿಗೆ ಇಳಿಯುತ್ತದೆ. ಸಮುದ್ರಮಟ್ಟದಲ್ಲಿ 15 ಡಿಗ್ರಿಯಿದ್ದಾಗ ಅದು 1.225. ಬಳ್ಳಾರಿಯ ನಡುಹಗಲಿನಲ್ಲಿ ನಿಂತ ವಿಮಾನ, ಗಾಳಿಯ ಲೆಕ್ಕದಲ್ಲಿ ಸುಮಾರು 1,500 ಮೀಟರ್ ಎತ್ತರದಲ್ಲಿ, ಹೆಚ್ಚುಕಡಿಮೆ ಕೆಮ್ಮಣ್ಣುಗುಂಡಿಯ ಮೇಲೆ ನಿಂತಂತೆ. ಅಲ್ಲಿನ ತಂಪೊಂದು ಇಲ್ಲ. ತೆಳುಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಕಡಿಮೆ, ಎಂಜಿನ್ನಿಗೆ ತಳ್ಳುವ ಬಲವೂ ಕಡಿಮೆ. ಎರಡೂ ಸೇರಿ ಓಡುದಾರಿಯ ಓಟ ಸ್ಥೂಲ ಲೆಕ್ಕದಲ್ಲಿ ಮೂರನೇ ಒಂದು ಪಾಲು ಉದ್ದವಾಗುತ್ತದೆ.

ಹೊಲದ ಪಂಪ್‌ಸೆಟ್ ನಿಲ್ಲಿಸಿದಾಗ ಅವರು ಮಾಡುತ್ತಿದ್ದ ಕೆಲಸವೊಂದನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ. ಸ್ವಿಚ್ ಆರಿಸಿದ ಕ್ಷಣದಿಂದ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿನ ಮೈಗೂ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೂ ಒತ್ತಿ, ಮೋಟರು ಪೂರ್ತಿ ನಿಲ್ಲುವವರೆಗೆ ಮನಸ್ಸಿನಲ್ಲೇ ಎಣಿಸುತ್ತಿದ್ದರು. ಜೆಟ್ ಎಂಜಿನ್ ಆರಿಸಿದ ಮೇಲೆಯೂ ಒಳಗಿನ ರೋಟರು ಸುತ್ತುತ್ತಲೇ ಇರುತ್ತದೆ; ನಿಲ್ಲಲು ಎಷ್ಟು ಹೊತ್ತು ಹಿಡಿಯಿತೆಂಬುದನ್ನು ಗಡಿಯಾರ ಹಿಡಿದು ಅಳೆಯುತ್ತಾರೆ, ಬೇಗ ನಿಂತರೆ ಬೇರಿಂಗ್ ಬಿಗಿಯುತ್ತಿದೆಯೆಂದೋ ಅಲಗು ಎಲ್ಲೋ ಉಜ್ಜುತ್ತಿದೆಯೆಂದೋ ಅರ್ಥ. ನಮ್ಮ ಮೋಟರಿನ ಬೇರಿಂಗ್ ಹೋಗುವ ಹದಿನೈದು ದಿನ ಮೊದಲೇ ಅವರು ಹೇಳಿದ್ದರು.

ಅದೇ ಕಿವಿ ಈಗ ಸೊಸೆಯರ ಮಾತನ್ನು ಹಿಡಿಯುವುದಿಲ್ಲ. ನೆಲೆಯಲ್ಲಿ ಕಿವಿಗೆ ಹಾಕಿಕೊಳ್ಳಲು ಮುಚ್ಚಳ ಕೊಡುತ್ತಿದ್ದರು, ಎಂಜಿನ್ನಿನ ದನಿ ಸರಿಯಾಗಿ ಕೇಳಲೆಂದು ತಾವೇ ಅದನ್ನು ಆಗಾಗ ಸರಿಸುತ್ತಿದ್ದುದಾಗಿ ಅವರು ಒಪ್ಪಿಕೊಳ್ಳುತ್ತಾರೆ. ಒಳಗಿವಿಯ ಶಂಖದಲ್ಲಿ ಸುಮಾರು 15 ಸಾವಿರ ರೋಮಕೋಶಗಳಿವೆ. ಅವು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಅಬ್ಬರದ ಸದ್ದು ಮೊದಲು ಕೆಡಿಸುವುದು 4,000 ಹರ್ಟ್ಸ್ ಆಸುಪಾಸಿನ ಸ್ವರಗಳನ್ನು ಕೇಳುವ ಕೋಶಗಳನ್ನು. ಸ, ಶ, ತ ಮುಂತಾದ ವ್ಯಂಜನಗಳ ಗುರುತು ಸಿಗುವುದು ಅಂಥ ಎತ್ತರದ ಸ್ವರಗಳಲ್ಲೇ ಆದ್ದರಿಂದ, ಇಂಥವರಿಗೆ ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. “ಜೋರಾಗಿ ಅನ್ನಬ್ಯಾಡ, ಬಿಡಿಸಿ ಅನ್ನು” ಎಂದು ಅವರು ರೇಗುವುದು ಇದಕ್ಕೇ. ವಯಸ್ಸೂ ತನ್ನ ಪಾಲು ಸೇರಿಸಿ, ಈಗ ಸಣ್ಣ ಸದ್ದುಗಳೆಲ್ಲ ಅವರ ಪಾಲಿಗೆ ಇಲ್ಲವಾಗಿವೆ.

ಕಳೆದ ವರ್ಷ, 2025ರ ಸೆಪ್ಟೆಂಬರ್ 26ರಂದು, ಚಂಡೀಗಢದಲ್ಲಿ ಮಿಗ್-21 ವಿಮಾನಗಳಿಗೆ ವಿದಾಯ ಹೇಳಿದರು. 1963ರಲ್ಲಿ ವಾಯುಪಡೆಗೆ ಅವು ಮೊದಲು ಸೇರಿದ್ದೂ ಅದೇ ಊರಿನಲ್ಲಿ. ಟಿ.ವಿ. ಸದ್ದನ್ನು ಓಣಿಗೆಲ್ಲ ಕೇಳುವಂತೆ ಏರಿಸಿಟ್ಟು ನೋಡಿದ ದೊಡ್ಡಪ್ಪ, ಅತಿಥಿಗಳ ಭಾಷಣಕ್ಕೆ ಎದ್ದುಹೋಗಿ ನೀರು ಕುಡಿದು ಬಂದರು. ಸಂಜೆ ಸೆಕೆ ತಾಳದೆ ಎಲ್ಲರೂ ಮಾಳಿಗೆ ಏರಿದ್ದೆವು. ಮೇಲೆ ಯಾವುದೋ ಪ್ರಯಾಣಿಕ ವಿಮಾನದ ಗುನುಗು ಕೇಳಿಸಿ ಮಕ್ಕಳ ಜೊತೆ ನಾವೂ ನೆತ್ತಿಯ ಮೇಲೆ ಹುಡುಕತೊಡಗಿದೆವು. ಅವರಿಗೆ ಅದು ಕೇಳಿಸಿರಲಿಲ್ಲ. ನಮ್ಮ ತಲೆಗಳೆಲ್ಲ ಒಂದೇ ಕಡೆ ವಾಲಿದ್ದನ್ನು ಕಂಡು, ಆ ದಿಕ್ಕಿನಲ್ಲಿ ಒಮ್ಮೆ ಕಣ್ಣು ಹಾಯಿಸಿ, ಅಲ್ಲಿಂದ ಮೂರು ಮುಷ್ಟಿಗೂ ಹೆಚ್ಚು ಮುಂದಕ್ಕೆ ಬೆರಳು ಚಾಚಿದರು. “ಅಲ್ಲೈತಿ ನೋಡ್ರೋ.”