ಎಷ್ಟು ಡಬ್ಬಿ ತೆರೆಯಬೇಕು? ಪರಮಾಣು ಸೇಫ್‌ಗಾರ್ಡ್ಸ್ ಲೆಕ್ಕದ ಟಿಪ್ಪಣಿ

ಒಪ್ಪಂದ, ಸಂಸ್ಥೆ, ಇಸವಿ ಎಲ್ಲ ಒಂದು ಸಲ ಓದಿದರೆ ನೆನಪಿರುತ್ತದೆ, ಅದನ್ನು ಮೊದಲು ಮುಗಿಸೋಣ. ಐಎಇಎ, ಅಂದರೆ ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ, 1957ರಲ್ಲಿ ಶುರುವಾಯಿತು. ಕಚೇರಿ ವಿಯೆನ್ನಾದಲ್ಲಿ. ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ ಜಾರಿಗೆ ಬಂದಿದ್ದು 1970ರಲ್ಲಿ. ಅದಕ್ಕೆ ಸಹಿ ಹಾಕಿದ, ಅಣ್ವಸ್ತ್ರ ಇಲ್ಲದ ದೇಶಗಳು ತಮ್ಮ ಪರಮಾಣು ವಸ್ತುವಿನ ಲೆಕ್ಕ ಕೊಡಬೇಕು. ಐಎಇಎ ಇನ್‌ಸ್ಪೆಕ್ಟರ್‌ಗಳು ಬಂದು ಆ ಲೆಕ್ಕ ಸರಿಯಿದೆಯಾ ಎಂದು ನೋಡುತ್ತಾರೆ, ಸೇಫ್‌ಗಾರ್ಡ್ಸ್ ಅಂದರೆ ಇದೇ. ಒಂದು "ಗಣನೀಯ ಪ್ರಮಾಣ" ಕಾಣೆಯಾದರೆ ಸಕಾಲಕ್ಕೆ ಗೊತ್ತಾಗಬೇಕು. ಪ್ಲುಟೋನಿಯಂ ಆದರೆ ಇದು 8 ಕೆಜಿ. ಹೆಚ್ಚು ಸಂವರ್ಧಿತ ಯುರೇನಿಯಂ ಆದರೆ ಅದರೊಳಗಿನ ಯುರೇನಿಯಂ-235 ಲೆಕ್ಕದಲ್ಲಿ 25 ಕೆಜಿ. ಕೆಳಗಿನ ಎಲ್ಲ ಲೆಕ್ಕಕ್ಕೂ ಈ 8 ಕೆಜಿಯೇ ಆಧಾರ.

ಮಾದರಿ ಗಾತ್ರದ ಸೂತ್ರ

ತಲೆ ಕೆಡಿಸುವ ಭಾಗ ಇದು. ಪುಸ್ತಕದಲ್ಲಿ ಸೂತ್ರ ಹೀಗೆ ಬರುತ್ತದೆ: ನೋಡಬೇಕಾದ ಡಬ್ಬಿ = ಒಟ್ಟು ಡಬ್ಬಿ × (1 − ಬೀಟಾದ ಡಿ-ನೇ ಮೂಲ). ಬೀಟಾ ಅಂದರೆ ಕಳವು ನಮ್ಮ ಕಣ್ಣು ತಪ್ಪಿಸಿಕೊಳ್ಳುವ ಸಂಭವ. ಡಿ ಅಂದರೆ ಕೈಯಾಡಿಸಿದ ಡಬ್ಬಿಗಳ ಸಂಖ್ಯೆ. ಎಲ್ಲ ಸರಿ, ಆದರೆ ಈ ಮೂಲ ಎಲ್ಲಿಂದ ಬಂತು?

ಸಂಖ್ಯೆ ಹಾಕಿ ನೋಡಿ. 200 ಡಬ್ಬಿ, ತಲಾ 2 ಕೆಜಿ ಪ್ಲುಟೋನಿಯಂ. ಕದಿಯುವವನಿಗೆ 8 ಕೆಜಿ ಬೇಕು, 4 ಡಬ್ಬಿ ಪೂರ್ತಿ ಖಾಲಿ ಮಾಡಿದ ಅಂದುಕೊಳ್ಳಿ. ನಾವು 200ರಲ್ಲಿ 88ನ್ನು ಗೊತ್ತುಗುರಿ ಇಲ್ಲದೆ ಆರಿಸಿ ನೋಡುತ್ತೇವೆ. ಒಂದು ಖಾಲಿ ಡಬ್ಬಿ ನಮ್ಮ ಕೈಗೆ ಸಿಗದಿರುವ ಸಂಭವ 112/200, ಅಂದರೆ 0.56. ನಾವು ಮೋಸ ಹೋಗಬೇಕಾದರೆ ನಾಲ್ಕೂ ಖಾಲಿ ಡಬ್ಬಿ ತಪ್ಪಿಸಿಕೊಳ್ಳಬೇಕು, ಒಂದು ಸಿಕ್ಕರೂ ಕಥೆ ಮುಗಿಯಿತು. 0.56 × 0.56 × 0.56 × 0.56 ಮಾಡಿದರೆ ಸುಮಾರು 0.098. ಹತ್ತಕ್ಕೆ ಒಂದಕ್ಕಿಂತ ಸ್ವಲ್ಪ ಕಡಿಮೆ.

ಈಗ ಇದನ್ನೇ ತಿರುಗಿಸಿ ಕೇಳಿ. ಬೀಟಾ 0.1 ಇರಲಿ ಅಂದುಕೊಂಡರೆ, ಯಾವ ಸಂಖ್ಯೆಯನ್ನು ಹೀಗೆ ನಾಲ್ಕು ಸಲ ಬರೆದು ಗುಣಿಸಿದರೆ 0.1 ಬರುತ್ತದೆ? 0.562. ನೋಡದೆ ಬಿಡಬಹುದಾದ ಪಾಲು ಅದು. ಉಳಿದ 0.438 ನೋಡಲೇಬೇಕಾದ ಪಾಲು. 200ರಿಂದ ಗುಣಿಸಿದರೆ 87.5, ಅಂದರೆ 88. ನಾಲ್ಕನೇ ಮೂಲದ ಗುಟ್ಟು ಇಷ್ಟೇ: ನಾಲ್ಕೂ ಒಟ್ಟಿಗೆ ಪಾರಾಗಬೇಕು ಅನ್ನುವುದನ್ನು ಹಿಂದುಮುಂದಾಗಿ ಬರೆದಿದ್ದಾರೆ.

ನಿಖರವಾಗಿ ಮಾಡಿದರೆ ಎರಡನೇ ಡಬ್ಬಿಗೆ 111/199, ಮೂರನೆಯದಕ್ಕೆ 110/198 ಹೀಗೆ ಇಳಿಯುತ್ತಾ ಹೋಗುತ್ತದೆ. ಆಗ 87 ಸಾಕು. ಒಂದು ಡಬ್ಬಿಯ ವ್ಯತ್ಯಾಸಕ್ಕೆ ಯಾರೂ ಜಗಳ ಆಡುವುದಿಲ್ಲ.

ಮುಂದಿನದು ಇನ್ನೂ ವಿಚಿತ್ರ. ಅದೇ ಕಳ್ಳ ಜಾಣನಾಗಿ 40 ಡಬ್ಬಿಗಳಿಂದ ತಲಾ 200 ಗ್ರಾಂ ಮಾತ್ರ ತೆಗೆದ ಅನ್ನಿ. ಒಟ್ಟು ಅದೇ 8 ಕೆಜಿ. ಡಿ ಈಗ 40. ಸೂತ್ರಕ್ಕೆ ಹಾಕಿದರೆ ಉತ್ತರ 12! ಜಾಣತನ ಮಾಡಿದಷ್ಟೂ ಹಿಡಿಯುವುದು ಸುಲಭವಾಗುತ್ತದಾ? ಇಲ್ಲ. ಕೆಟ್ಟ ಡಬ್ಬಿ ಕೈಗೆ ಬಂದರೆ ಅದು ಕೆಟ್ಟದ್ದೆಂದು ಗೊತ್ತಾಗಿಯೇ ಆಗುತ್ತದೆ ಅಂತ ಈ ಸೂತ್ರ ಸುಮ್ನೆ ನಂಬಿಬಿಡುತ್ತದೆ. ಖಾಲಿ ಡಬ್ಬಿಗೆ ಅದು ನಿಜ, ಕೈಯಲ್ಲಿ ಹಿಡಿಯುವ ಒರಟು ಉಪಕರಣವೂ ಹೇಳುತ್ತದೆ. 10% ಕಡಿಮೆಯಾಗಿದ್ದು ತಿಳಿಯಲು ತೂಕ ಮತ್ತು ನ್ಯೂಟ್ರಾನ್ ಎಣಿಕೆ ಬೇಕು. 200 ಡಬ್ಬಿಯಿಂದಲೂ ತಲಾ 40 ಗ್ರಾಂ ತೆಗೆದಿದ್ದರೆ ಯಾವ ಡಬ್ಬಿ ತೆರೆದರೂ ಅದು ಕೆಟ್ಟದ್ದೇ, ಆದರೆ ಕೊರತೆ ಬರೀ 2%. ಅದಕ್ಕೆ ಚೂರು ಮಾದರಿ ತೆಗೆದು ಲ್ಯಾಬಿಗೆ ಕಳಿಸಬೇಕು.

ಕಳ್ಳ ಯಾವ ದಾರಿ ಹಿಡಿಯುತ್ತಾನೋ ಮೊದಲೇ ಗೊತ್ತಿರುವುದಿಲ್ಲ. ಹಾಗಾಗಿ ಮೂರೂ ಬೇಕು: ಜಾಸ್ತಿ ಡಬ್ಬಿಗೆ ಒರಟು ಅಳತೆ, ಕೆಲವಕ್ಕೆ ಮಧ್ಯಮ, ಬೆರಳೆಣಿಕೆಯಷ್ಟಕ್ಕೆ ಅತಿ ಸೂಕ್ಷ್ಮ. ಎದುರಾಳಿ ನಮ್ಮ ಯೋಜನೆ ನೋಡಿ ತನ್ನ ನಡೆ ಬದಲಿಸುತ್ತಾನೆ ಅನ್ನುವುದರಿಂದಲೇ ಜರ್ಮನಿಯ ರುಡಾಲ್ಫ್ ಅವೆನ್‌ಹೌಸ್ ಅಂಥವರು ಇಲ್ಲಿ ಗೇಮ್ ಥಿಯರಿ ತಂದರು. ಅದರ ಗಣಿತ ಇಲ್ಲಿಗೆ ಬೇಡ.

ಲೆಕ್ಕ ಸೊನ್ನೆಗೆ ಬರುವುದಿಲ್ಲ

ಪುಡಿ, ದ್ರಾವಣ ಇರುವ ಕಡೆ ಡಬ್ಬಿ ಎಣಿಸುವ ಮಾತೇ ಇಲ್ಲ. ಅಲ್ಲಿ ಎಂಯುಎಫ್, ಅಂದರೆ ಲೆಕ್ಕಕ್ಕೆ ಸಿಗದ ವಸ್ತುವಿನ ಲೆಕ್ಕ: ಆರಂಭದ ದಾಸ್ತಾನು + ಒಳಗೆ ಬಂದದ್ದು − ಹೊರಗೆ ಹೋದದ್ದು − ಕೊನೆಯ ದಾಸ್ತಾನು. ಸೊನ್ನೆ ಬರಬೇಕು, ಬರುವುದಿಲ್ಲ, ಏಕೆಂದರೆ ಪ್ರತಿ ಅಳತೆಯಲ್ಲೂ ದೋಷ ಇದ್ದೇ ಇದೆ. ದೋಷದಲ್ಲಿ ಎರಡು ಬಗೆ. ತಲಾ 10 ಕೆಜಿಯ 100 ಬ್ಯಾಚ್ ಅಳೆದಿದ್ದೇವೆ, ದೋಷ 1% ಅನ್ನಿ. ದೋಷ ಯಾದೃಚ್ಛಿಕವಾದರೆ ಬ್ಯಾಚಿಗೆ 100 ಗ್ರಾಂ, ಹೆಚ್ಚುಕಡಿಮೆಗಳು ಒಂದನ್ನೊಂದು ಹೊಡೆದುಹಾಕುತ್ತವೆ, ಒಟ್ಟು ದೋಷ 1 ಕೆಜಿ ಮಾತ್ರ. ದೋಷ ವ್ಯವಸ್ಥಿತವಾದರೆ, ಅಂದರೆ ತಕ್ಕಡಿಯೇ 1% ಒಂದು ಕಡೆ ವಾಲಿದ್ದರೆ 10 ಕೆಜಿ. ಗಣನೀಯ ಪ್ರಮಾಣಕ್ಕಿಂತ ಜಾಸ್ತಿ, ಅಲ್ವಾ? ಇನ್ನೂ ಸಾವಿರ ಬ್ಯಾಚ್ ಅಳೆದರೂ ಈ ಶೇಕಡಾವಾರು ಕರಗುವುದಿಲ್ಲ.

ಜಪಾನಿನ ರೊಕ್ಕಾಶೊ ಮರುಸಂಸ್ಕರಣಾ ಘಟಕದ ವಿನ್ಯಾಸ ಸಾಮರ್ಥ್ಯ ವರ್ಷಕ್ಕೆ 800 ಟನ್ ಬಳಸಿದ ಇಂಧನ. ಅದರಲ್ಲಿ ಪ್ಲುಟೋನಿಯಂ ಸುಮಾರು 8 ಟನ್. ಅಂಥ ಕಡೆ 1% ಅನಿಶ್ಚಿತತೆ ಅಂದರೆ 80 ಕೆಜಿ. ಆದರೆ 8 ಕೆಜಿ ಕಾಣೆಯಾದದ್ದನ್ನು 95% ಖಚಿತವಾಗಿ, ಸುಳ್ಳು ಎಚ್ಚರಿಕೆ 5% ಮೀರದಂತೆ ಹಿಡಿಯಬೇಕಾದರೆ ಸಿಗ್ಮಾ, ಅಂದರೆ ಎಂಯುಎಫ್‌ನ ಪ್ರಮಾಣಿತ ವಿಚಲನೆ, 2.4 ಕೆಜಿ ಮೀರಬಾರದು. ವರ್ಷಕ್ಕೊಮ್ಮೆ ಲೆಕ್ಕ ಕಟ್ಟಿದರೆ ಇದು ಆಗದ ಮಾತು. ಪದೇ ಪದೇ ಲೆಕ್ಕ, ಸೀಲು, ಕ್ಯಾಮೆರಾ ಎಲ್ಲ ಅದಕ್ಕೇ.

ಲೆಕ್ಕ ತಪ್ಪಿದರೆ ಕಳವು ಎಂದೇ ಅರ್ಥವಲ್ಲ. ಬ್ರಿಟನ್ನಿನ ಸೆಲ್ಲಾಫೀಲ್ಡ್‌ನ ಥಾರ್ಪ್ ಘಟಕದಲ್ಲಿ ಲೆಕ್ಕ ತಾಳೆಯಾಗದೆ ಹುಡುಕಿದಾಗ, 2005ರ ಏಪ್ರಿಲ್‌ನಲ್ಲಿ ಒಡೆದ ಪೈಪು ಕಂಡಿತು. ಸುಮಾರು 83 ಘನ ಮೀಟರ್ ದ್ರಾವಣ ಕಾಂಕ್ರೀಟ್ ಕೋಣೆಯೊಳಗೇ ಸೋರಿತ್ತು.

ಸಹಕಾರ ಯಾಕೆ

ವಾಲಿದ ತಕ್ಕಡಿ ತನ್ನೊಳಗಿನಿಂದ ಗೊತ್ತಾಗುವುದಿಲ್ಲ, ಬೇರೆಯವರ ಅಳತೆ ಪಕ್ಕದಲ್ಲಿಡಬೇಕು. ಅದಕ್ಕೇ ಒಂದೇ ಮಾದರಿಯನ್ನು ಘಟಕದವರೂ ಐಎಇಎಯೂ ಅಳೆದು ವ್ಯತ್ಯಾಸ ನೋಡುತ್ತಾರೆ. ಐಎಇಎಗೆ ವಿಯೆನ್ನಾ ಬಳಿಯ ಸೈಬರ್ಸ್‌ಡಾರ್ಫ್‌ನಲ್ಲಿ ಸ್ವಂತ ಲ್ಯಾಬ್ ಇದೆ, ಜೊತೆಗೆ ಬೇರೆ ಬೇರೆ ದೇಶಗಳ ಲ್ಯಾಬ್‌ಗಳ ಜಾಲವೂ ಇದೆ. ಬೆಲ್ಜಿಯಂನ ಗೀಲ್‌ನಲ್ಲಿರುವ ಯುರೋಪಿಯನ್ ಕೇಂದ್ರ, ಸರಿಯಾದ ಅಳತೆ ಎಷ್ಟೆಂದು ಹೇಳದೆ ಮಾದರಿಗಳನ್ನು ಲ್ಯಾಬ್‌ಗಳಿಗೆ ಕಳಿಸಿ ಪರೀಕ್ಷಿಸುತ್ತದೆ. ಯಾವ ವಿಧಾನದಿಂದ ಎಷ್ಟು ನಿಖರತೆ ನಿರೀಕ್ಷಿಸಬಹುದು ಅನ್ನುವ ಗುರಿಮೌಲ್ಯಗಳ ಪಟ್ಟಿಯನ್ನು ಮೊದಲು ತಂದಿದ್ದು 1969ರಲ್ಲಿ ಹುಟ್ಟಿದ, ಯುರೋಪಿನ ಸೇಫ್‌ಗಾರ್ಡ್ಸ್ ಸಂಶೋಧನಾ ಸಂಘ ಎಸಾರ್ಡಾ. ಮುಂದೆ ಅದು ಅಂತಾರಾಷ್ಟ್ರೀಯ ಪಟ್ಟಿಯಾಯಿತು. ಅದರಲ್ಲಿ ಯಾದೃಚ್ಛಿಕ ಮತ್ತು ವ್ಯವಸ್ಥಿತ ದೋಷಕ್ಕೆ ಬೇರೆ ಬೇರೆ ಕಾಲಂ ಇರುತ್ತವೆ. ನನ್ನ ಸಲಹೆ, ಮೊದಲು ಎರಡನೆಯದನ್ನೇ ನೋಡಿ.

ಅಭ್ಯಾಸಕ್ಕೆ: 300 ಡಬ್ಬಿ, ತಲಾ 4 ಕೆಜಿ ಪ್ಲುಟೋನಿಯಂ. ಬೀಟಾ 0.05 ಆದರೆ ಸೂತ್ರದಂತೆ 233 ಡಬ್ಬಿ ನೋಡಬೇಕು. ಬೀಟಾವನ್ನು 0.5ಕ್ಕೆ ಸಡಿಲಿಸಿದರೆ 88. ಇಲ್ಲಿ ಡಿ 2 ಮಾತ್ರ, ವರ್ಗಮೂಲ ಸಾಕು.